ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಲೆಕ್ಕ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಕ್ಯಾಲೆಂಡರ್ ತೂಗುತ್ತದೆ. ದಿನದಿನದ ಚೌಕದಲ್ಲಿ ಹಾಲಿನ ಲೆಕ್ಕ: ಲೀಟರಿಗೊಂದು ನೀಲಿ ಗೆರೆ. 2023ರ ಜುಲೈ ಹಾಳೆಯನ್ನು ನಾನು ಹರಿದು ಎಸೆದಿಲ್ಲ. ಅದರ 23ನೇ ತಾರೀಖಿನ ಚೌಕದಲ್ಲಿ ನೀಲಿ ಗೆರೆಯ ಪಕ್ಕ ಪೆನ್ಸಿಲಿನ ಎಂಟು ಪುಟ್ಟ ಗೆರೆಗಳಿವೆ. ನೀಲಿಯದು ಹಾಲು. ಪೆನ್ಸಿಲಿನವು ನಾನು ಅಂದು ಬದಲಿಸಿದ ಪ್ಯಾಡುಗಳು.

ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ನಾನು ಗಣಿತ ಹೇಳುವವಳು. ಆಗ ವಯಸ್ಸು 37, ಮಕ್ಕಳು ಇಬ್ಬರು. ರಕ್ತಸ್ರಾವ ಹೆಚ್ಚಾಯಿತೆಂದು ಆ ಬೇಸಿಗೆಯಲ್ಲಿ ಕಾಪರ್-ಟಿ ತೆಗೆಸಿದ್ದೆ. ಮುಂದೇನು ಮಾಡುವುದು, ನಿಧಾನಕ್ಕೆ ನೋಡೋಣ ಎಂದುಕೊಂಡ ತಿಂಗಳಲ್ಲೇ ಮುಟ್ಟು ನಿಂತಿತು. ಮೂರನೆಯದು ಯಾಕೆ ಬೇಡ ಎಂದೆವು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಗಂಡ ಹೆಂಡಿರ ನಡುವಿನ ಮಾತು, ಅಲ್ಲಿಯೇ ಇರಲಿ. ನಾನು ಬರೆಯಬೇಕೆಂದಿರುವುದು ಮೈಯ ವಿಷಯ.

ಯಾಕೆಂದರೆ ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಹೆರಿಗೆಯ ಬಗ್ಗೆ ನಮ್ಮ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ಹೇಳದ ವಿವರವಿಲ್ಲ. ನೀರು ಹೋದದ್ದು, ಹೊಲಿಗೆ ಬಿದ್ದದ್ದು, ಬಾಣಂತನದಲ್ಲಿ ಬೆನ್ನು ಹಿಡಿದದ್ದು ಎಲ್ಲವೂ ಬರುತ್ತದೆ. ಈ ವಿಷಯ ಬಂದಾಗ ಮಾತ್ರ ದನಿ ಸಣ್ಣದಾಗಿ, “ತೆಗಿಸ್ಕೊಂಡ್ಳಂತ” ಎಂಬ ಒಂದೇ ಮಾತಿಗೆ ಮುಗಿದುಹೋಗುತ್ತದೆ. ಎಷ್ಟು ತಾಸು ನೋವು, ಎಷ್ಟು ರಕ್ತ, ಏನು ಹೊರಗೆ ಬರುತ್ತದೆ, ಯಾವಾಗ ಹೆದರಬೇಕು, ಯಾವಾಗ ಹೆದರಬಾರದು ಎಂಬುದು ಆ ಮಾತಿನಲ್ಲಿ ಇರುವುದಿಲ್ಲ.

ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಕಿಟ್ ಸಿಗುತ್ತದೆ ಎಂದು ಗೊತ್ತಿತ್ತು. ನಮ್ಮ ಹಿಂದಿನ ಮನೆಯಾಕೆ ಹಾಗೆಯೇ ತರಿಸಿದ್ದಳು. ತಾರೀಖು ನೆನಪಿಲ್ಲದೆ ಎರಡು ತಿಂಗಳು ಎಂದು ಹೇಳಿದ್ದಳು. ಆಮೇಲೆ ನೋಡಿದರೆ ಮೂರು ತಿಂಗಳು ದಾಟಿತ್ತು. ಅರ್ಧ ಒಳಗೇ ಉಳಿದು, ಮೂರನೆಯ ದಿನ ಬೀದರಿಗೆ ಒಯ್ದು ಎರಡು ಬಾಟಲಿ ರಕ್ತ ಏರಿಸಬೇಕಾಯಿತು. ಆಕೆಯೊಬ್ಬಳ ಕಥೆಯಲ್ಲ ಇದು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 2015ರಲ್ಲಿ ನಮ್ಮ ದೇಶದಲ್ಲಿ ಆದ ಗರ್ಭಪಾತಗಳು ಸುಮಾರು 1 ಕೋಟಿ 56 ಲಕ್ಷ. ನೂರಕ್ಕೆ 81 ಗುಳಿಗೆಯಿಂದ ಆದವು, ಒಟ್ಟಿನಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೇ ಆದವು. ಗುಳಿಗೆ ಕೆಟ್ಟದ್ದಲ್ಲ. ವಾರದ ಲೆಕ್ಕವಿಲ್ಲದೆ, ಕೇಳಲು ಯಾರೂ ಇಲ್ಲದೆ ನುಂಗುವುದು ಕೆಟ್ಟದ್ದು.

ಮೊದಲು ಹೋದ ಒಂದು ನರ್ಸಿಂಗ್ ಹೋಮಿನಲ್ಲಿ, ಅದು ಯಾವ ಊರಿನದು ಎನ್ನುವುದು ಬೇಡ, ಕೌಂಟರಿನ ಹುಡುಗ ತಲೆ ಎತ್ತದೆ “ಯಜಮಾನ್ರ ಸಹಿ ಬೇಕು” ಎಂದ. ನನ್ನ ಗಂಡ ಹೊರಗೆ ಬೈಕಿನ ಮೇಲೆಯೇ ಕೂತಿದ್ದರು, ಸಹಿ ಹಾಕುತ್ತಿದ್ದರು ಕೂಡ. ಆದರೆ ನಾನು ಕರೆಯಲಿಲ್ಲ, ಎದ್ದು ಬಂದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ಹದಿನೆಂಟು ತುಂಬಿದ ಹೆಂಗಸಿಗೆ ಅವಳದೊಂದೇ ಸಹಿ ಸಾಕು. ಗಂಡನದೂ ಬೇಡ, ಅತ್ತೆ ಮಾವನದೂ ಬೇಡ. 2021ರ ತಿದ್ದುಪಡಿಯ ಮೇಲೆ ಗರ್ಭನಿರೋಧಕ ಕೈಕೊಟ್ಟ ಕಾರಣಕ್ಕೆ ತೆಗೆಸಿಕೊಳ್ಳಲು ಮದುವೆ ಆಗಿರಬೇಕೆಂಬ ಮಾತೂ ಇಲ್ಲ. ತೆಗೆಸಿಕೊಂಡವಳ ಹೆಸರನ್ನು ಬಾಯಿಬಿಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. ಈ ಕೊನೆಯದನ್ನು ನಮ್ಮ ಕಡೆಯ ಆಸ್ಪತ್ರೆಗಳ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಬರೆಸಬೇಕು ಎಂದು ನನ್ನ ಆಸೆ.

ಹಾಗಾಗಿ ಹುಮನಾಬಾದ್. ಅಲ್ಲಿ ನನ್ನ ತಂಗಿಯ ಮನೆ ಇದೆ, ಹೋಗಿ ಬರುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಬಸವಕಲ್ಯಾಣದಲ್ಲಾದರೆ ಯಾವ ಲೇಡಿ ಡಾಕ್ಟರ ಬೆಂಚಿನ ಮೇಲೆ ಕೂತರೂ ಪಕ್ಕದಲ್ಲಿ ನನ್ನ ಶಾಲೆಯ ಯಾವುದೋ ಹುಡುಗನ ತಾಯಿ ಇರುತ್ತಾಳೆ, “ಅಕ್ಕೋರೆ, ಏನಾಗ್ಯಾದ್ರಿ?” ಎನ್ನುತ್ತಾಳೆ. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದರೆ ಒಂದು ತಾಸಿನೊಳಗೆ ಹುಮನಾಬಾದ್.

ಡಾಕ್ಟರಮ್ಮ ಮೊದಲು ಕೇಳಿದ್ದು ಕೊನೆಯ ಮುಟ್ಟಿನ ಮೊದಲ ದಿನ. ಜೂನ್ 2 ಎಂದೆ. ಅಂದು ಜುಲೈ 21, ಶುಕ್ರವಾರ. “ನಲವತ್ತೊಂಬತ್ತು ದಿನ, ಬರೋಬ್ಬರಿ ಏಳು ವಾರ” ಎಂದರು. ನಾನು ತಪ್ಪು ತಿಳಿದಿದ್ದೆ; ಮುಟ್ಟು ತಪ್ಪಿ ಮೂರು ವಾರವಾಯಿತು, ಅಂದರೆ ಗರ್ಭಕ್ಕೆ ಮೂರು ವಾರ ಎಂದುಕೊಂಡಿದ್ದೆ. ವಾರ ಎಣಿಸುವುದು ಮುಟ್ಟು ತಪ್ಪಿದ ದಿನದಿಂದಲ್ಲ, ಹಿಂದಿನ ಮುಟ್ಟು ಶುರುವಾದ ದಿನದಿಂದ. ಗಣಿತದ ಟೀಚರೇ ತಪ್ಪುವ ಲೆಕ್ಕದಲ್ಲಿ ಉಳಿದವರು ತಪ್ಪಿದರೆ ಆಶ್ಚರ್ಯವಿಲ್ಲ, ಆದರೆ ಇಲ್ಲಿ ತಪ್ಪಿದರೆ ಕೆಲಸ ಕೆಡುತ್ತದೆ. ನಮ್ಮ ದೇಶದ ನಿಯಮದಲ್ಲಿ ಗುಳಿಗೆಯಿಂದ ಮಾಡುವುದು ಒಂಬತ್ತು ವಾರದವರೆಗೆ, 63 ದಿನ. ಅದರಾಚೆ ಆಸ್ಪತ್ರೆಯಲ್ಲೇ ಆಗಬೇಕು.

ಆಮೇಲೆ ಸ್ಕ್ಯಾನ್. ಮಗು ಗಂಡೋ ಹೆಣ್ಣೋ ನೋಡಲಿಕ್ಕಲ್ಲ. ಏಳು ವಾರದ ಸ್ಕ್ಯಾನಿನಲ್ಲಿ ಅದು ಕಾಣುವುದೂ ಇಲ್ಲ, ನೋಡಿ ಹೇಳುವುದು ಯಾವ ವಾರದಲ್ಲಾದರೂ ಅಪರಾಧ. ಲಿಂಗ ಪತ್ತೆಗೂ ಗರ್ಭಪಾತಕ್ಕೂ ಗಂಟು ಹಾಕಿ ಗರ್ಭಪಾತವೇ ಕಾನೂನಿಗೆ ವಿರುದ್ಧ ಎಂದು ತಿಳಿದವರು ನಮ್ಮ ಸ್ಟಾಫ್ ರೂಮಿನಲ್ಲೇ ನಾಲ್ವರಿದ್ದಾರೆ. ಸ್ಕ್ಯಾನ್ ಮಾಡಿದ್ದು ಗರ್ಭ ಚೀಲದ ಒಳಗೇ ಇದೆಯೋ, ಪಕ್ಕದ ನಳಿಕೆಯಲ್ಲಿ ಕೂತಿದೆಯೋ ನೋಡಲು. ನಳಿಕೆಯಲ್ಲಿದ್ದರೆ ಈ ಗುಳಿಗೆ ಏನೂ ಮಾಡಲಾರದು. ನಳಿಕೆ ಒಡೆದರೆ ಹೊರಗೆ ನಾಲ್ಕು ಹನಿ, ಒಳಗೆ ಹೊಟ್ಟೆ ತುಂಬ ರಕ್ತ. ಒಂದೇ ಕಡೆಗೆ ಚುಚ್ಚುವ ನೋವು, ಹೆಗಲ ತುದಿಯ ನೋವು, ಕಣ್ಣು ಕತ್ತಲೆ ಬರುವುದು ಅದರ ಗುರುತು. ರಕ್ತ ಪರೀಕ್ಷೆಯಲ್ಲಿ ನನ್ನ ಹಿಮೋಗ್ಲೋಬಿನ್ 10.2 ಬಂತು. “ಪಾಸಾದ್ರಿ, ಫಸ್ಟ್ ಕ್ಲಾಸ್ ಅಲ್ಲ” ಎಂದರು. ಎಂಟಕ್ಕಿಂತ ಕೆಳಗಿದ್ದರೆ ಮನೆಗೆ ಗುಳಿಗೆ ಕೊಟ್ಟು ಕಳಿಸುವುದಿಲ್ಲ. ರಕ್ತದ ಗುಂಪು ನೆಗೆಟಿವ್ ಇದೆಯೇ, ಕಾಪರ್-ಟಿ ಒಳಗೇ ಇದೆಯೇ, ರಕ್ತ ತೆಳು ಮಾಡುವ ಗುಳಿಗೆ ಇದೆಯೇ, ಬಹುಕಾಲದಿಂದ ಸ್ಟಿರಾಯ್ಡ್ ನಡೆದಿದೆಯೇ ಎಂದೆಲ್ಲ ಕೇಳಿದರು. ಒಂದೊಂದಕ್ಕೂ ಒಂದೊಂದು ಕಾರಣವಿದೆ, ಮುಚ್ಚಿಡಬಾರದು.

ಗುಳಿಗೆ ಎರಡು ಬಗೆ. ಮೊದಲನೆಯದು ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ, ಒಂದೇ. 1980ರಲ್ಲಿ ಫ್ರಾನ್ಸಿನ ರುಸೆಲ್ ಯುಕ್ಲಾಫ್ ಕಂಪನಿಯ ಪ್ರಯೋಗಾಲಯದಲ್ಲಿ ತಯಾರಾದ ಇದಕ್ಕೆ ಅಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು, ನಮ್ಮಲ್ಲಿ 2002ರಲ್ಲಿ. ಗರ್ಭವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಕೆಲಸಕ್ಕೆ ಇದು ಅಡ್ಡ ನಿಲ್ಲುತ್ತದೆ. ಚೀಲದ ಒಳಪದರ ಸಡಿಲವಾಗುತ್ತದೆ. ಎರಡನೆಯದು ಮಿಸೊಪ್ರೊಸ್ಟಾಲ್, 200 ಮೈಕ್ರೋಗ್ರಾಮಿನ ನಾಲ್ಕು ಗುಳಿಗೆ. ಮೂಲತಃ ಹೊಟ್ಟೆಹುಣ್ಣಿಗೆ ಬಂದ ಔಷಧಿ. ಇದು ಚೀಲದ ಬಾಯಿಯನ್ನು ಮೆತ್ತಗೆ ಮಾಡಿ ಚೀಲವನ್ನು ಹಿಂಡಿಸುತ್ತದೆ. ವಿಚಿತ್ರವೆಂದರೆ ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದಾಗ ಕೊಡುವುದೂ ಇದನ್ನೇ: ಚೀಲ ಬಿಗಿಯಾಗಿ ಹಿಂಡಿಕೊಂಡರೆ ರಕ್ತನಾಳ ಮುಚ್ಚಿಕೊಳ್ಳುತ್ತವೆ.

ಮೊದಲನೆಯದನ್ನು ಅವರೆದುರೇ ಹನ್ನೊಂದು ಗಂಟೆಗೆ ನುಂಗಿದೆ. ಏನೂ ಆಗಲಿಲ್ಲ. ತಂಗಿಯ ಮನೆಯಲ್ಲಿ ಉಂಡು, ಸಂಜೆ ಬಸ್ಸಿಗೆ ಊರಿಗೆ ಬಂದು, ಮರುದಿನ ಎಂಟನೆಯ ತರಗತಿಗೆ ಬೀಜಗಣಿತ ಹೇಳಿದೆ. ಕೆಲವರಿಗೆ ಈ ಹಂತದಲ್ಲೇ ಸ್ವಲ್ಪ ಕಲೆ ಕಾಣುತ್ತದೆ, ಹೊಟ್ಟೆ ತೊಳಸುತ್ತದೆ. ನನಗೆ ಅದೂ ಇಲ್ಲ. ಗುಳಿಗೆ ಖೊಟ್ಟಿಯೇನೋ ಎಂಬ ಸಂಶಯ ಬಂದದ್ದು ನಿಜ. ಏನೂ ಆಗಲಿಲ್ಲವೆಂದು ಎರಡನೆಯದನ್ನು ಬಿಡುವ ಹಾಗಿಲ್ಲ.

ಎರಡನೆಯದು ಎರಡು ದಿನದ ನಂತರ, ಮನೆಯಲ್ಲಿ. ಡಾಕ್ಟರಮ್ಮನ ಕರಾರು ಮೂರು. ಜೊತೆಗೆ ದೊಡ್ಡವರೊಬ್ಬರು ಇರಬೇಕು, ಆಸ್ಪತ್ರೆ ಮುಟ್ಟಲು ಗಾಡಿ ಇರಬೇಕು, ಕೈಯಲ್ಲಿ ಲೆಕ್ಕ ಇರಬೇಕು. “ಟೀಚರ್, ಭಾಳ ಹೋಗ್ಲತದ ಅಂತ ಫೋನ್ ಮಾಡಬ್ಯಾಡ್ರಿ. ಭಾಳ ಅಂದ್ರ ನನಗ ತಿಳಿಯಂಗಿಲ್ಲ. ಎಷ್ಟು ಅಂತ ಹೇಳ್ರಿ. ದೊಡ್ಡ ಪ್ಯಾಡು ತಾಸಿಗೆ ಎರಡು ಪೂರಾ ತೊಯ್ದು, ಮುಂದಿನ ತಾಸಿಗೂ ಹಂಗೇ ಎರಡು ತೊಯ್ದ್ರ ನನ್ನ ಹಾದಿ ಕಾಯಬ್ಯಾಡ್ರಿ, ಗಾಡಿ ಹತ್ರಿ” ಎಂದರು. ಇಷ್ಟು ಸ್ಪಷ್ಟವಾದ ಮಾತನ್ನು ನಾನು ಯಾವ ಡಾಕ್ಟರ ಬಾಯಲ್ಲೂ ಕೇಳಿರಲಿಲ್ಲ.

ರವಿವಾರ. ಮಕ್ಕಳು ತಂಗಿಯ ಮನೆಯಲ್ಲಿ, ಅತ್ತೆ ಭಾಲ್ಕಿಗೆ ಮಗಳ ಮನೆಗೆ ಹೋಗಿದ್ದರು. ಹತ್ತಕ್ಕೆ ಉಪ್ಪಿಟ್ಟು ತಿಂದೆ. ಹತ್ತೂವರೆಗೆ ನೋವಿನ ಗುಳಿಗೆ ಐಬುಪ್ರೊಫೆನ್. ನೋವು ಏರುವ ಮೊದಲೇ ಇದನ್ನು ನುಂಗಬೇಕು, ಇದಕ್ಕೆ ಪ್ಯಾರಾಸಿಟಮಾಲ್ ಅಷ್ಟು ಸಾಲದು ಎಂದಿದ್ದರು. ಹನ್ನೊಂದಕ್ಕೆ ನಾಲ್ಕು ಗುಳಿಗೆಗಳನ್ನು ಒಸಡು ಮತ್ತು ಕೆನ್ನೆಯ ನಡುವೆ ಎಡಕ್ಕೆ ಎರಡು, ಬಲಕ್ಕೆ ಎರಡು ಇಟ್ಟುಕೊಂಡೆ. ಬಾಯಿ ಒಣಗಿ ಸೀಮೆಸುಣ್ಣ ಅಗಿದಂತಾಯಿತು, ಆ ರುಚಿ ನನಗೆ ಹೊಸದಲ್ಲ. ಅರ್ಧ ತಾಸಾದ ಮೇಲೆ ಉಳಿದ ಪುಡಿಯನ್ನು ನೀರು ಕುಡಿದು ನುಂಗಿದೆ.

ಹನ್ನೊಂದು ಐವತ್ತಕ್ಕೆ ಚಳಿ. ಸಣ್ಣ ಚಳಿಯಲ್ಲ, ಹಲ್ಲು ಕಟಕಟ ಎನ್ನುವ ಚಳಿ. ಗಂಡ ಎರಡು ಕೌದಿ ಹೊದಿಸಿದರು. ಥರ್ಮಾಮೀಟರಿನಲ್ಲಿ 99.8. ಅದು ಗುಳಿಗೆಯ ಗುಣ, ಮಿಸೊಪ್ರೊಸ್ಟಾಲ್ ಕೆಲವರಿಗೆ ಚಳಿಜ್ವರ ತರುತ್ತದೆ, ತಾನಾಗಿಯೇ ಇಳಿಯುತ್ತದೆ. ಹನ್ನೆರಡೂಕಾಲಿಗೆ ಹೊಟ್ಟೆ ಕಡಿಯಲು ಶುರು. ಮೊದಲು ಮುಟ್ಟಿನ ನೋವಿನಂತೆ ನಡದಲ್ಲಿ, ಆಮೇಲೆ ತೊಡೆಯವರೆಗೆ. ಹನ್ನೆರಡೂ ಮುಕ್ಕಾಲಿಗೆ ಮೊದಲ ರಕ್ತ. ಕ್ಯಾಲೆಂಡರಿಗೆ ಮೊದಲ ಪೆನ್ಸಿಲ್ ಗೆರೆ. ಆಮೇಲೆ ಎರಡು ಸಲ ಭೇದಿ, ಒಂದು ಸಲ ವಾಂತಿ. ಗುಳಿಗೆಯೂ ಹೋಯಿತೋ ಏನೋ ಎಂದು ಗಾಬರಿಯಾಯಿತು. ಆದರೆ ಕೆನ್ನೆಯಲ್ಲಿಟ್ಟ ಗುಳಿಗೆ ಆ ಅರ್ಧ ತಾಸಿನಲ್ಲೇ ರಕ್ತಕ್ಕೆ ಸೇರಿರುತ್ತದೆ.

ಒಂದೂವರೆಯಿಂದ ಮೂರರವರೆಗಿನದೇ ನಿಜವಾದ ನೋವು. ಎರಡು ಹೆರಿಗೆ ಕಂಡವಳು ನಾನು, ಹೆರಿಗೆ ನೋವಿನ ಮೊದಲ ಮೆಟ್ಟಿಲಷ್ಟು ಎಂದು ಹೇಳಬಲ್ಲೆ. ಅಲೆಯಂತೆ ಬರುತ್ತದೆ, ಎರಡು ನಿಮಿಷ ಹಿಂಡುತ್ತದೆ, ಬಿಡುತ್ತದೆ. ಹೆರದವರಿಗೆ ಇನ್ನೂ ಜೋರಾಗಿ ಅನಿಸಬಹುದು, ಕೆಲವರಿಗೆ ಮುಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಬಿಸಿನೀರಿನ ಚೀಲ ನಮ್ಮ ಮನೆಯಲ್ಲಿರಲಿಲ್ಲ. ಗಂಡ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಕೊಟ್ಟರು. ಆ ಮನುಷ್ಯ ಅಂದು ಏಳು ಸಲ ಚಹಾ ಮಾಡಿದ್ದಾರೆ. ನಾನು ಕುಡಿದದ್ದು ಎರಡು.

ಎರಡು ಗಂಟೆಯಿಂದ ಮೂರರೊಳಗೆ ಎರಡು ಪ್ಯಾಡು ಪೂರ್ತಿ ತೊಯ್ದವು. ಎರಡನೆಯ ಗೆರೆ ಎಳೆಯುವಾಗ ನನ್ನ ಕೈ ನಡುಗಿತು. ಅದೇ ತಾಸಿನಲ್ಲಿ, ಎರಡು ನಲವತ್ತಕ್ಕೆ, ಬಚ್ಚಲಿನಲ್ಲಿ ಕೂತಾಗ ಏನೋ ಜಾರಿದ್ದು ತಿಳಿಯಿತು. ಹೆಪ್ಪು, ಅರ್ಧ ನಿಂಬೆಹಣ್ಣಿನಷ್ಟು, ಅದರೊಳಗೆ ಬೂದು ಬಿಳಿ ಬಣ್ಣದ ಮೆತ್ತಗಿನ ತುಣುಕು. ನೋಡಬೇಕೋ ಬೇಡವೋ ಎಂದು ಎಲ್ಲರೂ ಕೇಳುವುದು ಇದನ್ನೇ. ನಾನು ನೋಡಿದೆ. ಏಳು ವಾರಕ್ಕೆ ಭ್ರೂಣವೆಂದರೆ ಸುಮಾರು ಒಂದು ಸೆಂಟಿಮೀಟರ್, ಒಂದು ಕಡಲೆಕಾಳು. ಹೆಪ್ಪಿನ ನಡುವೆ ಅದು ಬೇರೆಯಾಗಿ ಕಣ್ಣಿಗೆ ಸಿಗುವುದೇ ಕಷ್ಟ. ನನಗೆ ಸಿಗಲಿಲ್ಲ. ಎರಡು ಚಂಬು ನೀರು ಹಾಕಿದೆ. ಸ್ವಲ್ಪ ಹೊತ್ತು ಅಲ್ಲಿಯೇ ಗೋಡೆಗೆ ಒರಗಿ ಕೂತೆ. ಆಮೇಲೆ ಎದ್ದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿ “ಎರಡರಿಂದ ಮೂರು, ಎರಡು ಪ್ಯಾಡು” ಎಂದೆ. “ಮೂರರಿಂದ ನಾಲ್ಕು ನೋಡ್ರಿ. ತಲಿ ತಿರುಗಿದ್ರ ಅದನ್ನೂ ಕಾಯಬ್ಯಾಡ್ರಿ” ಎಂದರು. ಮೂರರಿಂದ ನಾಲ್ಕಕ್ಕೆ ಒಂದೇ. ಅದೂ ಅರ್ಧ. ಆ ಗೆರೆಯನ್ನು ನಾನು ಅರ್ಧ ಎಳೆದು ನಿಲ್ಲಿಸಿದ್ದೇನೆ, ಇವತ್ತಿಗೂ ಕಾಣುತ್ತದೆ. ಗುಳಿಗೆ ಇಟ್ಟ ನಾಲ್ಕೈದು ತಾಸಿನೊಳಗೆ ಬಹಳ ಮಂದಿಗೆ ಮುಖ್ಯ ಕೆಲಸ ಮುಗಿಯುತ್ತದೆ, ಕೆಲವರಿಗೆ ಒಂದು ದಿನ ಹಿಡಿಯುತ್ತದೆ. 24 ತಾಸಾದರೂ ರಕ್ತವೇ ಕಾಣಲಿಲ್ಲವೆಂದರೆ ಅದೂ ಫೋನ್ ಮಾಡಬೇಕಾದ ಸಂಗತಿಯೇ. ಐದಕ್ಕೆ ಹಸಿವಾಯಿತು. ಮಜ್ಜಿಗೆ ಅನ್ನ ಉಂಡು ಮಲಗಿದೆ. ರಾತ್ರಿ ಮಲಗುವವರೆಗೆ ಒಟ್ಟು ಎಂಟು.

ಪ್ಯಾಡಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಅಂಗಡಿಯವನು ಎರಡು ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತಿ, ಅದನ್ನು ಕರಿ ಚೀಲದಲ್ಲಿ ಹಾಕಿ, ಆ ಚೀಲಕ್ಕೂ ಗಂಟು ಹಾಕಿ ಕೊಟ್ಟ. ಅನುಭವ ಮಂಟಪದ ಊರಿದು. ಎಂಟುನೂರು ವರ್ಷದ ಹಿಂದೆ ಶರಣರು ಐದು ಸೂತಕ ತೆಗೆದುಹಾಕಿದರು, ಅದರಲ್ಲಿ ಒಂದು ಮುಟ್ಟಿನ ಸೂತಕ ಎಂದು ಶಾಲೆಯಲ್ಲಿ ಬಸವ ಜಯಂತಿಯ ದಿನ ನಾವೇ ಭಾಷಣ ಮಾಡುತ್ತೇವೆ.

ಸೋಮವಾರ ರಜೆ ಹಾಕಿದ್ದೆ. ಜೋರು ಮುಟ್ಟಿನಂತೆ ನಾಲ್ಕು ಪ್ಯಾಡು. ಮಂಗಳವಾರ ಶಾಲೆಗೆ ಹೋದೆ, ನಿಂತು ಪಾಠ ಮಾಡಲು ಅಡ್ಡಿಯಾಗಲಿಲ್ಲ. ವಾಕರಿಕೆ ಎರಡೇ ದಿನದಲ್ಲಿ ಹೋಯಿತು, ಎದೆಯ ಬಿಗಿ ಹೋಗಲು ವಾರ ಹಿಡಿಯಿತು. ಆರನೆಯ ದಿನ ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಒಂದು ಹೆಪ್ಪು ಬಂತು, ಮರುದಿನ ಕಡಿಮೆಯಾಯಿತು. ಹದಿಮೂರನೆಯ ದಿನಕ್ಕೆ ನಿಂತಿತು. ಒಂದೂವರೆ ಎರಡು ವಾರ ಎಲ್ಲರಿಗೂ ಸಾಮಾನ್ಯ, ಮುಂದಿನ ಮುಟ್ಟಿನವರೆಗೂ ಹನಿ ಹನಿ ಕಾಣುವವರೂ ಇದ್ದಾರೆ. ಈ ನಡುವೆ ಒಂದು ಗುರುವಾರ ಏಳನೆಯ ತರಗತಿಯಲ್ಲಿ ಭಿನ್ನರಾಶಿ ಹೇಳುತ್ತಿದ್ದಾಗ ಕಾರಣವಿಲ್ಲದೆ ಕಣ್ಣು ತುಂಬಿತು. ಪಶ್ಚಾತ್ತಾಪವೇ ಎಂದು ನನ್ನನ್ನೇ ಕೇಳಿಕೊಂಡೆ. ಅಲ್ಲ. ಎರಡನೆಯ ಮಗಳ ಬಾಣಂತನದಲ್ಲೂ ಹೀಗೆಯೇ ಅಳುತ್ತಿದ್ದೆ, ಹಾರ್ಮೋನು ಇಳಿಯುವಾಗ ಹೀಗಾಗುತ್ತದೆ.

ಜ್ವರದ ಬಗ್ಗೆ ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಗುಳಿಗೆಯ ದಿನದ ಜ್ವರ ಬೇರೆ. ಒಂದು ದಿನ ಕಳೆದ ಮೇಲೂ 100.4 ದಾಟಿದರೆ, ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ನೋವು ಇಳಿಯುವ ಬದಲು ಏರಿದರೆ ಅದು ನಂಜು. ಈ ಮಾತು ಕೇಳಿದಾಗ ನನಗೆ ನೆನಪಾದದ್ದು ಬೆಳಗಾವಿಯ ಸವಿತಾ ಹಾಲಪ್ಪನವರ. 31 ವರ್ಷದ ಹಲ್ಲಿನ ಡಾಕ್ಟರು, ಐರ್ಲೆಂಡಿನ ಗಾಲ್ವೇಯಲ್ಲಿದ್ದರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ತಿಳಿದ ಮೇಲೂ ಭ್ರೂಣದ ಎದೆಬಡಿತ ಇದೆ ಎಂದು ಡಾಕ್ಟರುಗಳು ಕಾದರು, ಸವಿತಾ ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಅವರದು ಗುಳಿಗೆಯ ಕಥೆಯಲ್ಲ, ತೆಗೆಯದೆ ಬಿಟ್ಟದ್ದರ ಕಥೆ. 2018ರ ಮೇ 25ರಂದು ಆ ದೇಶದ ಜನ ಮತ ಹಾಕಿ, ನೂರಕ್ಕೆ 66ರಷ್ಟು ಜನ ಹೌದೆಂದು ಹೇಳಿ, ಗರ್ಭಪಾತದ ನಿಷೇಧವನ್ನು ಸಂವಿಧಾನದಿಂದ ತೆಗೆದರು. ನಮ್ಮಲ್ಲಿ ಕಾನೂನು ಜಾರಿಗೆ ಬಂದದ್ದು 1972ರ ಏಪ್ರಿಲ್ 1ಕ್ಕೆ. ಕಾನೂನು ಇದ್ದೂ ಹೆಂಗಸರು ಕೌಂಟರಿನ ಹುಡುಗನ ಮುಂದೆ ಎದ್ದು ಬರಬೇಕಾದ ಊರು ನಮ್ಮದು ಎನ್ನುವುದನ್ನೂ ಸೇರಿಸಿಕೊಳ್ಳಬೇಕು.

ಭಾಲ್ಕಿಯಿಂದ ಅತ್ತೆ ಬಂದದ್ದು ಮಂಗಳವಾರ ಸಂಜೆ. ಹಾಲಿನ ಲೆಕ್ಕ ಅವರದೇ ಖಾತೆ, ಬಂದವರೇ ಕ್ಯಾಲೆಂಡರ್ ನೋಡಿದರು. “ಐತಾರ ಒಂಬತ್ತು ಲೀಟರ್ ಹಾಲು ಯಾರ್ ಕುಡದ್ರವ್ವ?” ಎಂದರು. ನಾನು ಸುಮ್ಮನಿದ್ದೆ. ಅವರೂ ಸುಮ್ಮನಾದರು. ರಾತ್ರಿ ಊಟವಾದ ಮೇಲೆ ಅಜವಾನದ ಕಷಾಯ ಮಾಡಿ ತಂದು ನನ್ನ ಮುಂದಿಟ್ಟು, ಪಕ್ಕದಲ್ಲಿ ಕೂತು, ಕೇಳದೆಯೇ ಹೇಳಿದರು. ಅವರ ಅಕ್ಕನಿಗೆ ನಾಲ್ಕು ಮಕ್ಕಳ ಮೇಲೆ ಐದನೆಯದು. ಊರಿನ ಒಬ್ಬಾಕೆ ಎಕ್ಕೆ ಗಿಡದ ಕಡ್ಡಿ ಹಾಕಿದಳು. “ಐದ್ ದಿನ ಜ್ವರ ಬಂದು ಹ್ವಾದಳು. ನನಗಾಗ ಹದಿನಾಲ್ಕು. ಆಕಿನ ಸಣ್ಣ ಕೂಸು ನನ್ನ ಕಂಕುಳಾಗ ಬೆಳೀತು.” ಆಮೇಲೆ ಕೇಳಿದರು: “ಡಾಕ್ಟರ ಹತ್ರ ಹೋಗಿದ್ದಿ ಇಲ್ಲೋ?” ಹೂಂ ಎಂದೆ. “ಛಲೋ ಆಯ್ತು ಬಿಡು. ಕುಡಿ, ಆರ್ತದ.” ಹದಿನೈದು ವರ್ಷ ಒಂದೇ ಮನೆಯಲ್ಲಿದ್ದೇವೆ, ಆ ಅಕ್ಕನ ಹೆಸರನ್ನು ನಾನು ಕೇಳಿದ್ದು ಅಂದೇ.

ಆಗಸ್ಟ್ 4ರಂದು ಮತ್ತೆ ಹುಮನಾಬಾದಿಗೆ ಹೋದೆ. ಈ ಎರಡನೆಯ ಭೇಟಿಯನ್ನು ಬಹಳ ಮಂದಿ ತಪ್ಪಿಸುತ್ತಾರೆ, ರಕ್ತ ಹೋಯಿತಲ್ಲ, ಇನ್ನೇನು ಎಂದು. ಬೇಗ ಮತ್ತು ಸರಿಯಾಗಿ ತೆಗೆದುಕೊಂಡರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಪೂರ್ತಿ ಆಗುತ್ತದೆ. ಉಳಿದವರಲ್ಲಿ ಕೆಲವರಿಗೆ ತುಣುಕು ಉಳಿಯುತ್ತದೆ, ನೂರಕ್ಕೆ ಒಬ್ಬರಿಗೆ ಗರ್ಭವೇ ಮುಂದುವರಿಯುತ್ತದೆ. ಹಾಗೆ ಮುಂದುವರಿದರೆ ಮಿಸೊಪ್ರೊಸ್ಟಾಲಿನಿಂದ ಮಗುವಿಗೆ ಅಂಗದೋಷ ಬರುವ ಭಯವಿದೆ. ಮನೆಯಲ್ಲಿ ಕಾರ್ಡ್ ಟೆಸ್ಟ್ ಮಾಡಿ ನೋಡಿದರೆ ತಿಳಿಯುವುದಿಲ್ಲ, ಎಲ್ಲ ಸರಿಯಾದ ಮೇಲೂ ನಾಲ್ಕು ವಾರದವರೆಗೆ ಅದು ಎರಡು ಗೆರೆ ತೋರಿಸಬಹುದು. ನನ್ನ ಸ್ಕ್ಯಾನಿನಲ್ಲಿ ಒಳಪದರ ಸ್ವಲ್ಪ ದಪ್ಪ ಎಂದು ಬಂತು. ಚೀಲ ಕ್ಲೀನ್ ಮಾಡಿಸಬೇಕಾ ಎಂದೆ. “ರಿಪೋರ್ಟಿಗೆ ಔಷಧ ಮಾಡಂಗಿಲ್ಲ, ಮನುಷ್ಯರಿಗೆ ಮಾಡ್ತೀವಿ. ಜ್ವರ ಇಲ್ಲ, ರಕ್ತ ನಿಂತದ, ನೋವಿಲ್ಲ. ಮುಂದಿನ ಮುಟ್ಟಿನಾಗ ತಾನೇ ಹೋಗ್ತದ” ಎಂದರು. ಹೋಯಿತು ಕೂಡ.

ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಅಡ್ಡಿಯಿಲ್ಲವೆನ್ನುವುದು ಎಷ್ಟು ನಿಜವೆಂದರೆ, ಗುಳಿಗೆಯಾದ ಎಂಟು ಹತ್ತು ದಿನಕ್ಕೇ ಅಂಡ ಬಿಡುಗಡೆಯಾಗಿ ಮತ್ತೆ ಗರ್ಭ ನಿಲ್ಲಬಹುದು, ಮುಟ್ಟಿಗಾಗಿ ಕಾಯುವುದಿಲ್ಲ. ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಛಾಯಾ ಗುಳಿಗೆ, ನಿರೋಧ್ ಎಲ್ಲವೂ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ನಮ್ಮ ಮನೆಯಲ್ಲಿ ಗಂಡನೇ ಆಪರೇಷನ್ ಮಾಡಿಸಿಕೊಂಡರು. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದೆ, ನಕ್ಕು ಹೂಂ ಎಂದರು. ಏಳು ಚಹಾದ ಮಾತಿಗೆ ಮಾತ್ರ ಐದು ಎಂದು ತಕರಾರು ತೆಗೆದಿದ್ದಾರೆ.

ಕಳೆದ ವರ್ಷ ನಮ್ಮ ಶಾಲೆಯ ಒಬ್ಬ ಟೀಚರಮ್ಮ ನನ್ನ ಹತ್ತಿರ ಬಂದಳು, ಹೆದ್ದಾರಿಯ ಪಕ್ಕದ ಹಳ್ಳಿಯವಳು. ಅದೇ ಡಾಕ್ಟರಮ್ಮನಲ್ಲಿಗೆ ಕಳಿಸಿದೆ. ಎಂಟು ವಾರ. ಗುಳಿಗೆ ಇಡುವ ದಿನಕ್ಕೆ ಒಂದು ಹಾಳೆಯಲ್ಲಿ ತಾಸುಗಳ ಮನೆ ಹಾಕಿ ಕೊಟ್ಟೆ. ಮಧ್ಯಾಹ್ನ ನಾಲ್ಕು ಗಂಟೆಗೆ ಫೋನ್ ಬಂತು. ಅಳು ಇರಲಿಲ್ಲ. “ಅಕ್ಕಾ, ಎರಡರಿಂದ ಮೂರು, ಎರಡು. ಮೂರರಿಂದ ನಾಲ್ಕು, ಎರಡೂವರಿ” ಎಂದಳು. ಅವಳ ಅಣ್ಣ ಜೀಪು ತೆಗೆದ. ನಾಲ್ಕೂ ಮುಕ್ಕಾಲಿಗೆ ಹುಮನಾಬಾದ್ ಮುಟ್ಟಿದರು. ಒಳಗೆ ಉಳಿದಿದ್ದ ತುಣುಕನ್ನು ಹೀರುವ ಸಾಧನದಿಂದ ತೆಗೆಯಲು ಹತ್ತು ನಿಮಿಷ ಹಿಡಿಯಿತಂತೆ. ರಕ್ತ ಏರಿಸಬೇಕಾಗಲಿಲ್ಲ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ರೊಟ್ಟಿ ಉಂಡಳು.